ನಂಬರು ಬಿದ್ದ ಪಾಂಡವರು

ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟರೆ ಒಂದು ವಾಸನೆ ಬರುತ್ತದೆ. ಅರ್ಧ ಹಾಲಿನದು, ಅರ್ಧ ಹೊಗೆಯದು. ಮಸ್ಕಿ ಠಾಣೆಯ ಸಬ್‌ಇನ್ಸ್‌ಪೆಕ್ಟರ್ ದೊಡ್ಡಬಸಪ್ಪನವರಿಗೆ ಅದು ತುರ್ವಿಹಾಳದ ಅಜ್ಜಿಯ ವಾಸನೆ. ಆ ಕಡೆಗೆ ಕಾಲುವೆ ನೀರು ಬಂದು ಹೊಲವೆಲ್ಲ ಭತ್ತವಾಗುವ ಮೊದಲು, ಅಜ್ಜಿ ಬದುವಿನ ಮೇಲೆ ಕೂತು ಸೀತನಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಬಿಸಿ ಕಾಳನ್ನು ಮೊಮ್ಮಗನ ಅಂಗಿಯ ಮಡಿಲಿಗೆ ಸುರಿಯುತ್ತಿದ್ದಳು.

1996ರ ಫೆಬ್ರವರಿ 20, ಮಂಗಳವಾರ. ಬೆಳಗಿನ ಒಂಬತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ದೊಡ್ಡಬಸಪ್ಪ ಠಾಣಾ ಡೈರಿಗೆ ಸಹಿ ಹಾಕುತ್ತಿದ್ದಾಗ ಅದೇ ವಾಸನೆ ಬಾಗಿಲಿನಿಂದ ಬಂತು. ತಲೆ ಎತ್ತಿ ನೋಡಿದರು. ಹೊಸ್ತಿಲಿನ ಆಚೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ವಾಸನೆ ಅವಳ ಸೀರೆಯದು. ಸೆರಗಿನ ಅಂಚು ಸುಟ್ಟು ಕಪ್ಪಾಗಿತ್ತು.

“ಒಳಗ ಬಾರವ್ವ,” ಎಂದ ಹೆಡ್‌ಕಾನ್‌ಸ್ಟೇಬಲ್ ಯಮನೂರಪ್ಪ.

ಅವಳು ಒಳಗೆ ಬಂದು ನೆಲದ ಮೇಲೆ ಕೂತಳು. ಯಮನೂರಪ್ಪ ಬೆಂಚು ತೋರಿಸಿದ. ಅವಳು ಅದನ್ನು ಗಮನಿಸಲಿಲ್ಲ.

“ನನ್ನ ಗಂಡ ಸತ್ತಾನ್ರಿ. ಬಂಡಿ ಮ್ಯಾಲೆ ಇದ್ದ. ತಂತಿ ಹತ್ತಿತು.”

ಅವಳ ಹೆಸರು ಗ್ಯಾನಮ್ಮ. ಸತ್ತವನು ದುರುಗಪ್ಪ. ಪಾಮನಕಲ್ಲೂರಿನಾಚೆ ಗುಡ್ಡದ ಹಿಂದೆ ಬನ್ನಿಗಿಡದ ದೊಡ್ಡಿ ಎಂಬ ಇಪ್ಪತ್ತೆರಡು ಮನೆಗಳ ವಸ್ತಿಯಿದೆ. ಕುರಿ ಕಾಯುವವರು, ಮಳೆ ನಂಬಿ ಜೋಳ ಬೆಳೆಯುವವರು ಅಲ್ಲಿದ್ದಾರೆ. ಆ ದೊಡ್ಡಿಗೆ ಕರೆಂಟು ಬಂದು ಒಂದು ತಿಂಗಳೂ ಆಗಿರಲಿಲ್ಲ. ಅಂದು ನಸುಕಿನಲ್ಲಿ ಗಂಡ ಹೆಂಡತಿ ತೆನೆ ಕೊಯ್ದು ಉಳಿದ ಜೋಳದ ಸೊಪ್ಪೆಯನ್ನು ಬಂಡಿಗೆ ಹೇರಿದ್ದರು. ದುರುಗಪ್ಪ ಮೇಲೆ ನಿಂತು ಸೊಪ್ಪೆ ತುಳಿಯುತ್ತ ಬರುತ್ತಿದ್ದ, ಗ್ಯಾನಮ್ಮ ಎತ್ತುಗಳ ಮುಂದೆ ನಡೆಯುತ್ತಿದ್ದಳು. ಬಂಡಿದಾರಿ ಸ್ವಲ್ಪ ಏರುವ ಕಡೆ ಹೊಸ ಲೈನು ದಾರಿಯನ್ನು ದಾಟುತ್ತದೆ. ಮಂಜಿಗೆ ಒದ್ದೆಯಾಗಿದ್ದ ಸೊಪ್ಪೆ ಅಲ್ಲಿ ಒಮ್ಮೆಗೇ ಉರಿಯಿತು.

“ತಂತಿ ಎಷ್ಟು ಎತ್ತರ ಇತ್ತು?”

“ಅವನ ಎದಿ ಮಟ್ಟ.”

“ಬಂಡಿ ಮ್ಯಾಲೆ ನಿಂತಾಗ?”

“ಹೂಂರಿ.”

“ನಿನ್ನ ಜೊತಿ ಯಾರೂ ಬಂದಿಲ್ಲೇನು?”

“ಹಿರೇರು ಬ್ಯಾಡ ಅಂದ್ರು. ಕಂಪ್ಲೇಂಟ್ ಕೊಟ್ರ ಲೈಟ್ ಕಡಿತಾರ, ಹೋದಾವ ಹೋದ ಅಂದ್ರು.” ಅವಳು ಸೆರಗಿನ ಸುಟ್ಟ ಅಂಚನ್ನು ಬೆರಳಿನಲ್ಲಿ ಪುಡಿ ಮಾಡುತ್ತಿದ್ದಳು. “ತಂತಿ ಅಲ್ಲೇ ಐತ್ರಿ. ನಾಳೆ ಮತ್ತೊಬ್ಬರ ಬಂಡಿ ಬರತದ.”

ದೊಡ್ಡಬಸಪ್ಪ ದೂರನ್ನು ಬರೆಸಿಕೊಂಡರು. ನಿರ್ಲಕ್ಷ್ಯದಿಂದಾದ ಸಾವೆಂದು ಕಲಂ 304-ಎ ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿರಬೇಕಾದ ಜಾಗದಲ್ಲಿ ‘ಲೈನಿಗೆ ಜವಾಬ್ದಾರರಾದವರು’ ಎಂದು ಬರೆಯಲಾಯಿತು. ಗ್ಯಾನಮ್ಮ ಹೆಬ್ಬೆಟ್ಟು ಒತ್ತಿದಳು. ಯಮನೂರಪ್ಪ ಒಂದು ಹಳೇ ಬಟ್ಟೆ ತಂದು ಅವಳ ಬೆರಳಿನ ಮಸಿಯನ್ನು ತಾನೇ ಒರೆಸಿದ.

ಹನ್ನೊಂದಕ್ಕೆ ಅವರು ಸ್ಥಳಕ್ಕೆ ಹೋದರು. ಬಂಡಿಯಲ್ಲಿ ಗಾಲಿಗಳ ಕಬ್ಬಿಣದ ಪಟ್ಟಿ, ಮುಂದಿನ ನೊಗ ಮಾತ್ರ ಉಳಿದಿದ್ದವು. ಒಂದು ಎತ್ತು ಸತ್ತು ಬಿದ್ದಿತ್ತು, ಇನ್ನೊಂದು ಅದರ ಪಕ್ಕದಲ್ಲೇ ನಿಂತಿತ್ತು. ಅದನ್ನು ಯಾರೂ ಬಿಡಿಸಿರಲಿಲ್ಲ. ಯಮನೂರಪ್ಪ ಮೊದಲು ಅದರ ಕೊರಳ ಹಗ್ಗ ಬಿಚ್ಚಿ, ಜೀಪಿನ ಕ್ಯಾನಿನಿಂದ ನೀರು ಕುಡಿಸಿದ. ಆಮೇಲೆ ಪಂಚನಾಮೆ ಶುರುವಾಯಿತು.

ಲೈನನ್ನು ಆಫ್ ಮಾಡಿದ್ದವನು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ. ಮಕ್ತುಮ್‌ಸಾಬ್ ಎಂದು ಹೆಸರು, ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಲೈನ್‌ಮನ್, ಮಸ್ಕಿಯವನು. ಸುದ್ದಿ ತಿಳಿದ ಕೂಡಲೆ ಸೈಕಲ್ ತುಳಿದು ಬಂದು ಸ್ವಿಚ್ ಇಳಿಸಿದ್ದ. ದುರುಗಪ್ಪನ ಮೈಮೇಲೆ ಹೊದಿಸಿದ್ದ ಟವಲ್ಲು ಅವನದೇ.

ದೊಡ್ಡಬಸಪ್ಪ ಬಿದಿರು ಗಳುವಿನಿಂದ ತಂತಿಯ ಎತ್ತರ ಅಳೆಸಿದರು. ಕಂಬದಿಂದ ಕಂಬಕ್ಕೆ ಟೇಪು ಹಿಡಿಸಿದರು. ಅವರಿಗೆ ವಿದ್ಯುತ್ತಿನ ವಿದ್ಯೆ ತಿಳಿಯದು. ಆದರೆ ಮಸ್ಕಿಯಿಂದ ಬರುವ ದಾರಿಯಲ್ಲಿ ಹಳೇ ಲೈನಿನ ಕಂಬಗಳನ್ನು ನೋಡಿಕೊಂಡೇ ಬಂದಿದ್ದರು. ಇಲ್ಲಿ ಕಂಬಗಳ ನಡುವಿನ ಅಂತರ ಅದಕ್ಕಿಂತ ಬಹಳ ಹೆಚ್ಚಿತ್ತು. ತಂತಿ ತೊಟ್ಟಿಲಿನ ಹಗ್ಗದಂತೆ ಜೋತುಬಿದ್ದಿತ್ತು.

“ಇಷ್ಟು ದೂರ ದೂರ ಯಾಕ ನೆಟ್ಟಿ?”

“ಕೊಟ್ಟ ಕಂಬ ಅಷ್ಟ ಇದ್ವುರಿ. ದೊಡ್ಡಿ ತನಕ ಮುಟ್ಟಬೇಕಿತ್ತು.”

“ಸಾಲಂಗಿಲ್ಲ ಅಂತ ಯಾರಿಗಾದ್ರು ಹೇಳಿದಿ?”

“ಕರಿಬಸಯ್ಯ ಸಾಹೇಬ್ರಿಗೆ ಹೇಳಿದೆ. ನಮ್ಮ ಇಂಜಿನಿಯರ್. ‘ಈಗ ಎಳೆದು ಬಿಡು, ಇನ್ನಷ್ಟು ಕಂಬ ಬರತಾವ, ನಡುವ ನೆಡಾಣು’ ಅಂದ್ರು. ಕಂಬದ ಜಾಗ ತೋರಿಸಿದವರು ಅವರ.”

ಅಷ್ಟರಲ್ಲಿ ಸಿಂಧನೂರಿನಿಂದ ಸಂಘದ ಮ್ಯಾನೇಜರ್ ಜೀಪಿನಲ್ಲಿ ಬಂದರು. ಸತ್ತವನ ಕಡೆ ಒಂದು ಸಲ ನೋಡಿ ಕೈ ಮುಗಿದರು. ಬಳಿಕ ದೊಡ್ಡಬಸಪ್ಪನವರನ್ನು ಪಕ್ಕಕ್ಕೆ ಕರೆದರು.

“ನಮ್ಮಲ್ಲಿ ಈಗ ಅಂದಾಜಿನ ಕೆಲಸ ಇಲ್ರಿ. ಎಷ್ಟು ಕಂಬ, ಎಂಥಾ ತಂತಿ, ಯಾವ ಹಾದಿ, ಎಲ್ಲಾ ಕಂಪ್ಯೂಟರ್ ಹೇಳತದ. ಅದರ ಪ್ರಕಾರ ಈ ಲೈನು ಗುಡ್ಡದ ಈಚಿ ಮಗ್ಗಲಾಗ ನೆಟ್ಟಗ ಬರಬೇಕಿತ್ತು. ಇಂವ ಆಚಿ ಮಗ್ಗಲಾಗ ಸುತ್ತು ಹಾಕ್ಯಾನ. ಯಾವನೋ ರೈತ ತನ್ನ ಹೊಲದಾಗ ಕಂಬ ಬ್ಯಾಡ ಅಂತ ಕೈ ಬೆಚ್ಚಗ ಮಾಡಿರಬೇಕು. ಹಾದಿ ಉದ್ದ ಆಯ್ತು, ಕಂಬ ಸಾಲಲಿಲ್ಲ.”

“ಲಿಖಿತ ಕೊಡ್ತೀರೇನು?”

“ಕೊಡ್ತೀನ್ರಿ.”

ಮಕ್ತುಮ್‌ಸಾಬ್ ಇದನ್ನೆಲ್ಲ ಕೇಳಿಸಿಕೊಂಡ. ಎದ್ದು ನಿಂತು, “ಯಪ್ಪಾ, ನನಗ ಹಾದಿ ಆರಿಸೋ ಅಧಿಕಾರ ಎಲ್ಲೈತ್ರಿ,” ಎಂದ. ಮ್ಯಾನೇಜರ್ ಅವನ ಕಡೆ ತಿರುಗಲಿಲ್ಲ.

ಶವವನ್ನು ಲಿಂಗಸುಗೂರಿನ ಆಸ್ಪತ್ರೆಗೆ ಕಳಿಸಲಾಯಿತು. ಸಂಘದ ಲಿಖಿತ ದೂರಿನ ಮೇಲೆ ಪ್ರಕರಣಕ್ಕೆ ನಂಬಿಕೆದ್ರೋಹದ ಕಲಂ ಕೂಡ ಸೇರಿತು. ಅದಕ್ಕೆ ಠಾಣೆಯಲ್ಲಿ ಜಾಮೀನು ಕೊಡಲು ಬರುವುದಿಲ್ಲ. ಬುಧವಾರ ಮಕ್ತುಮ್‌ಸಾಬ್‌ನನ್ನು ಬಂಧಿಸಿ ಲಿಂಗಸುಗೂರಿನ ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಸೋಮವಾರದವರೆಗೆ ಪೊಲೀಸ್ ವಶಕ್ಕೆ ಆದೇಶವಾಯಿತು. ಅಷ್ಟರೊಳಗೆ ಬೇರೆ ಏನೂ ಹೊರಬರದಿದ್ದರೆ ಅವನು ಜೈಲಿಗೆ ಹೋಗುತ್ತಾನೆ ಎಂಬುದು ಠಾಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವನ ಹೆಂಡತಿ ದಾವಲ್‌ಬೀ ಅಂದು ಸಂಜೆ ಬಟ್ಟೆಯಲ್ಲಿ ಕಟ್ಟಿದ ಡಬ್ಬಿ ಹಿಡಿದು ಬಂದಳು. ಯಮನೂರಪ್ಪ ನಿಯಮದಂತೆ ಬಿಚ್ಚಿ ನೋಡಿದ. ರೊಟ್ಟಿ, ಬ್ಯಾಳಿ, ಒಂದು ಉಳ್ಳಾಗಡ್ಡಿ.

“ನಿಮ್ಮ ಪಾಲಿಂದೂ ತರಲೇನ್ರಿ ನಾಳಿ?” ಎಂದು ಅವನನ್ನು ಕೇಳಿದಳು. ಅದು ಕೊಂಕೋ ಔದಾರ್ಯವೋ ಯಮನೂರಪ್ಪನಿಗೆ ತಿಳಿಯಲಿಲ್ಲ.

“ಬ್ಯಾಡವ್ವ. ನನ್ನ ಹೆಂಡ್ತಿ ಜಗಳಕ್ಕ ಬರತಾಳ.”

ಗುರುವಾರ ದೊಡ್ಡಬಸಪ್ಪ ಮತ್ತು ಯಮನೂರಪ್ಪ ಸಿಂಧನೂರಿಗೆ ಹೋದರು. ಸಂಘದ ಕಚೇರಿ ಗಂಗಾವತಿ ರಸ್ತೆಯಲ್ಲಿ, ಅಕ್ಕಿ ಗಿರಣಿಯೊಂದರ ಪಕ್ಕದಲ್ಲಿತ್ತು. ಕಂಪ್ಯೂಟರಿಗೆಂದೇ ಒಂದು ಕೋಣೆ, ಅದಕ್ಕೆ ತಂಪು ಯಂತ್ರ, ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂಬ ಬೋರ್ಡು.

“ಗುಡಿ ಆಯ್ತಲ್ರಿ ಇದು,” ಎಂದ ಯಮನೂರಪ್ಪ ಬೂಟು ಬಿಚ್ಚುತ್ತ. “ಕಾಯಿ ತರೋದು ಮರತ್ವಿ.”

ಇಂಜಿನಿಯರ್ ಕರಿಬಸಯ್ಯ ಎದ್ದು ನಿಂತ. ಮೂವತ್ತು ದಾಟದ ಹುಡುಗ, ಹಣೆಯಲ್ಲಿ ವಿಭೂತಿ. ತನ್ನ ಕುರ್ಚಿಯನ್ನು ಯಮನೂರಪ್ಪನಿಗೆ ಬಿಟ್ಟುಕೊಟ್ಟು ತಾನು ಸ್ಟೂಲಿನ ಮೇಲೆ ಕೂತ. ಕಣ್ಣ ಕೆಳಗೆ ಕಪ್ಪಾಗಿತ್ತು.

“ಇದು ಹೆಂಗ ಕೆಲಸ ಮಾಡತದ, ನಮಗ ತಿಳಿಯೋ ಹಂಗ ಹೇಳ್ರಿ,” ಎಂದರು ದೊಡ್ಡಬಸಪ್ಪ.

ಕರಿಬಸಯ್ಯ ಕಪ್ಪು ತೆರೆಯ ಮೇಲೆ ಹಸಿರು ಚುಕ್ಕೆಗಳನ್ನು ತೋರಿಸಿದ. ಒಂದೊಂದು ಚುಕ್ಕೆ ಒಂದೊಂದು ವಸ್ತಿ. ಎಷ್ಟು ದೂರ, ಎಷ್ಟು ಮನೆ, ಎಷ್ಟು ಪಂಪುಸೆಟ್ಟು ಎಂದು ತುಂಬಬೇಕು. ಎಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟರೆ, ಯಾವ ಹಾದಿ ಹಿಡಿದರೆ, ಎಷ್ಟು ದಪ್ಪದ ತಂತಿ ಹಾಕಿದರೆ ಎಲ್ಲಕ್ಕಿಂತ ಕಡಿಮೆ ಖರ್ಚಿನಲ್ಲಿ ಎಲ್ಲರಿಗೂ ಮುಟ್ಟುತ್ತದೆ ಎಂಬುದನ್ನು ಪ್ರೋಗ್ರಾಮು ಹುಡುಕುತ್ತದೆ. ಮೊದಲು ಕೈಲೆಕ್ಕದಲ್ಲಿ ತಿಂಗಳು ಹಿಡಿಯುತ್ತಿದ್ದ ಕೆಲಸ ಈಗ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಮಾತಾಡುತ್ತ ಅವನ ದನಿಗೆ ಉಸಿರು ಬಂತು. ಅವನಿಗೆ ಆ ಕೆಲಸದ ಮೇಲೆ ಪ್ರೀತಿಯಿತ್ತು.

ಕೀಲಿ ಒತ್ತಿದ. ಚುಕ್ಕೆಯಿಂದ ಚುಕ್ಕೆಗೆ ಗೆರೆಗಳು ಮರದ ಟೊಂಗೆಯಂತೆ ಹರಡಿಕೊಂಡವು. ಕೆಲವು ಚುಕ್ಕೆಗಳಿಗೆ ಗೆರೆ ಮುಟ್ಟಲಿಲ್ಲ.

“ಅವು ಯಾಕ ಬಿಟ್ವು?”

“ಒಂದು ಮನಿಗೆ ಇಷ್ಟ ಖರ್ಚು ಮಾಡಬೇಕು ಅಂತ ಮಿತಿ ಐತ್ರಿ. ಮೀರಿದ್ರ ಆ ಟೊಂಗೆ ಕತ್ತರಿಸತದ.”

“ಬನ್ನಿಗಿಡದ ದೊಡ್ಡಿ?”

ಅವನು ಬೆರಳಿಟ್ಟು ತೋರಿಸಿದ. ಅದಕ್ಕೊಂದು ಸಣ್ಣ ಗೆರೆ ಇತ್ತು.

“ದೂರ ಅಳದವರು ಯಾರು?”

“ನಾನ ರೀ.”

“ತುಂಬಿದವರು?”

“ನಾನ.”

“ಹಾದಿಗೆ ಗುರುತು ಹಾಕಿದ್ರೇನು?”

“ಕಲ್ಲು ನೆಟ್ಟಿದ್ದೆ. ಸುಣ್ಣ ಬಳಿದು, ಮ್ಯಾಲೆ ಕೆಂಪು ಬಣ್ಣದಾಗ ನಂಬರ್ ಬರೆಸಿದ್ದೆ. ಒಂದು ಕಂಬಕ್ಕ ಒಂದು ಕಲ್ಲು.”

“ಗುಡ್ಡದ ಯಾವ ಮಗ್ಗಲಾಗ?”

ಕರಿಬಸಯ್ಯ ತೆರೆಯನ್ನೇ ನೋಡುತ್ತ, “ಈಚಿ ಮಗ್ಗಲಾಗ,” ಎಂದ.

“ಮೊನ್ನೆ ಆ ಮಗ್ಗಲಾಗ ಹಾದು ಬಂದ್ವಿ. ಒಂದು ಕಲ್ಲೂ ಕಾಣಲಿಲ್ಲ.”

“ಯಾರೋ ಕಿತ್ತಿರಬೇಕು.”

“ಲೈನ್‌ಮನ್ ಕಂಬದ ಜಾಗ ನೀವ ತೋರಿಸಿದ್ರಿ ಅಂತಾನ.”

“ನಾ ಹೋಗಿದ್ದಿಲ್ರಿ.”

ಹೊರಗೆ ಬಂದ ಮೇಲೆ ಯಮನೂರಪ್ಪ, “ಹುಡುಗ ಚಲೋ ಅದಾನ್ರಿ,” ಎಂದ.

“ಹೂಂ.”

“ಸುಳ್ಳು ಹೇಳಾಕತ್ತಾನೇನು?”

“ಕುರ್ಚಿ ಕೊಡುವಾಗ ನಿನ್ನ ಮುಖ ನೋಡಿ ಕೊಟ್ಟ. ಕಲ್ಲಿನ ಮಾತು ಬಂದಾಗ ಯಾರ ಮುಖಾನೂ ನೋಡಲಿಲ್ಲ.” ದೊಡ್ಡಬಸಪ್ಪ ಜೀಪು ಹತ್ತಿದರು. “ಅದನ್ನ ಕೋರ್ಟಿಗೆ ಹೇಳಾಕ ಬರಂಗಿಲ್ಲ. ಕಲ್ಲು ಬೇಕು.”

ಶುಕ್ರವಾರ ಅವರು ದೊಡ್ಡಿಗೆ ಹೋದರು. ದುರುಗಪ್ಪನ ಮೂರನೆಯ ದಿನದ ಕಾರ್ಯ ಆಗ ತಾನೇ ಮುಗಿದಿತ್ತು. ಲೈನು ಕಡಿದಿದ್ದರಿಂದ ಮನೆಗಳ ಮುಂದಿನ ಹೊಸ ಬಲ್ಬುಗಳು ಖಾಲಿ ನೇತಾಡುತ್ತಿದ್ದವು. ಗಂಡಸರು ಕಟ್ಟೆಯ ಮೇಲೆ ಕೂತಿದ್ದರು. ಯಾರೂ ಎದ್ದು ನಿಂತು ನಮಸ್ಕಾರ ಮಾಡಲಿಲ್ಲ.

“ಇಲ್ಲಿ ಕಲ್ಲು ನೆಟ್ಟಿದ್ದು ಯಾರಾದ್ರು ನೋಡೀರೇನು?”

“ಕಲ್ಲಿಗೇನು ಬರ ಐತ್ರಿ ನಮ್ಮೂರಾಗ,” ಎಂದ ಒಬ್ಬ ಮುದುಕ. “ಬೇಕಾದಷ್ಟು ಒಯ್ರಿ. ಲೈಟ್ ಬಿಟ್ಟು ಹೋಗ್ರಿ.”

ಮಂದಿ ನಗಲಿಲ್ಲ. ಗ್ಯಾನಮ್ಮ ತನ್ನ ಗುಡಿಸಲಿನ ಬಾಗಿಲಲ್ಲಿ ಕೂತಿದ್ದಳು. ಊರಿನವರು ಅವಳ ಕಡೆ ಬೆನ್ನು ಮಾಡಿದ್ದರು.

ಮಧ್ಯಾಹ್ನದವರೆಗೆ ಪೊಲೀಸರು ಗುಡ್ಡದ ಎರಡೂ ಮಗ್ಗಲು ತಿರುಗಿದರು. ಈಚೆ ಮಗ್ಗಲಿನಲ್ಲಿ ಕಲ್ಲು ನೆಟ್ಟ ಗುಂಡಿ ಒಂದೂ ಇರಲಿಲ್ಲ. ಆಚೆ ಮಗ್ಗಲಿನ ಹೊಲಗಳನ್ನೆಲ್ಲ ಉತ್ತು ಹರಗಿದ್ದರಿಂದ ಅಲ್ಲೂ ಗುರುತು ಉಳಿದಿರಲಿಲ್ಲ. ಬಿಸಿಲು ಏರಿತು. ದಾರಿಯ ಬದಿಯ ಹೊಲದಲ್ಲಿ ಒಂದು ಬನ್ನಿಗಿಡ ಕಂಡು ಅದರ ನೆರಳಿಗೆ ಹೋದರು.

ಗಿಡದ ಬುಡದಲ್ಲಿ ಸಾಲಾಗಿ ಐದು ಕಲ್ಲುಗಳಿದ್ದವು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಪಾಂಡವರೆಂದು ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪೂಜೆ ಮಾಡಿ, ಕಡುಬು ರೊಟ್ಟಿಯ ಚರಗ ಚೆಲ್ಲುವುದು ಈ ಕಡೆಯ ಪದ್ಧತಿ. ಹಬ್ಬ ಕಳೆದು ಎರಡು ತಿಂಗಳಾಗಿತ್ತು. ಕುಂಕುಮ ಮಾಸಿತ್ತು. ಯಮನೂರಪ್ಪ ಬೂಟು ಕಳಚಿ ಕೈ ಮುಗಿದ. ಕೈ ಮುಗಿದವನು ಹಾಗೆಯೇ ಬಗ್ಗಿ ನೋಡಿದ.

“ಸಾಹೇಬ್ರ. ಪಾಂಡವರಿಗೆ ನಂಬರ್ ಹಾಕ್ಯಾರೇನ್ರಿ?”

ಎರಡನೆಯ ಕಲ್ಲಿನ ಮೇಲೆ, ಕುಂಕುಮದ ಕೆಳಗೆ, ಕೆಂಪು ಬಣ್ಣದ ಹದಿನಾಲ್ಕು ಎಂಬ ಅಂಕಿ ಇತ್ತು.

“ಭೀಮಸೇನ,” ಎಂದ ಯಮನೂರಪ್ಪ ಮೆಲ್ಲಗೆ. “ಸರದಿಯಾಗ ನಿಂತಾನ.”

ದೊಡ್ಡಬಸಪ್ಪ ಬೂಟು ಬಿಚ್ಚಿಟ್ಟು ಮಂಡಿಯೂರಿ ಕೂತರು.

ಹೊಲ ಆದೆಮ್ಮ ಎಂಬ ಮುದುಕಿಯದು. ಅವಳು ಹೇಳಿದ್ದು ಇಷ್ಟು. ಹಬ್ಬದ ಎರಡು ದಿನ ಮೊದಲು ಹೆಂಗಸರು ಹೊಲಕ್ಕೆ ಬಂದಾಗ ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಸುಣ್ಣ ಬಳಿದ ಕಲ್ಲು ಬಿದ್ದಿದ್ದವು. ವರ್ಷವೂ ಅವರೇ ಕಲ್ಲು ಹುಡುಕಿ, ತೊಳೆದು, ಸುಣ್ಣ ಹಚ್ಚಬೇಕು. ಈ ವರ್ಷ ಪಾಂಡವರು ತಾವೇ ಸುಣ್ಣ ಹಚ್ಚಿಕೊಂಡು ಬಂದಿದ್ದಾರೆ, ದೊಡ್ಡಿಗೆ ಒಳ್ಳೆಯದಾಗುತ್ತದೆ ಎಂದು ಆ ಹಾದಿಯ ಹೊಲದವರೆಲ್ಲ ತಮ್ಮ ಬದುವಿನ ಬಳಿಯ ಐದೈದು ಆರಿಸಿಕೊಂಡರು. ಒಳ್ಳೆಯದೇ ಆಯಿತು. ಮುಂದಿನ ತಿಂಗಳೇ ಲೈಟು ಬಂತು.

ಅವರು ಹೊಲದಿಂದ ಹೊಲಕ್ಕೆ ಹೋದರು. ಲೈನಿನ ಹಾದಿಯುದ್ದಕ್ಕೂ, ಗುಡ್ಡದ ಆಚೆ ಮಗ್ಗಲಿನ ಹೊಲಗಳಲ್ಲೆಲ್ಲ, ನಂಬರಿನ ಪಾಂಡವರು ಸಿಕ್ಕರು. ದೊಡ್ಡಿಯ ಹತ್ತಿರ ಬಂದಷ್ಟೂ ಅಂಕಿ ಏರುತ್ತಿತ್ತು. ಕೊನೆಯ ಕಲ್ಲಿನ ಅಂಕಿ ನೆಟ್ಟ ಕಂಬಗಳ ಸಂಖ್ಯೆಗಿಂತ ಎಂಟು ಹೆಚ್ಚಿತ್ತು.

ಮಕ್ತುಮ್‌ಸಾಬ್ ಸುತ್ತು ಹಾಕಿರಲಿಲ್ಲ. ಅಳತೆ ಮಾಡಿದವನು ಅಳೆದದ್ದು ಇದೇ ಹಾದಿಯನ್ನು, ಸರಿಯಾಗಿಯೇ ಅಳೆದಿದ್ದ. ಆಮೇಲೆ ಗುರುತು ಅಳಿಸಿದ್ದ.

ಕಲ್ಲುಗಳನ್ನು ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಹೆಂಗಸರು ಅಡ್ಡ ಬಂದರು. ದೇವರನ್ನು ಠಾಣೆಗೆ ಒಯ್ಯುವ ಮಾತು ಯಾರೂ ಕೇಳಿರಲಿಲ್ಲ. ದೊಡ್ಡಬಸಪ್ಪ ಬರಿಗಾಲಲ್ಲೇ ನಿಂತು, “ಕೇಸು ಮುಗಿದ ಮ್ಯಾಲೆ ನಾನ ತಂದು ಇಡತೀನ್ರವ್ವ. ಜೀಪಿನಾಗ ಕಂಬಳಿ ಹಾಸೀನಿ,” ಎಂದರು. ಕಂಬಳಿಯ ಮಾತು ಕೇಳಿ ಅವರು ದಾರಿ ಬಿಟ್ಟರು.

“ಆದೆಮ್ಮ, ಈ ಕಲ್ಲು ಕಿತ್ತವರನ್ನ ನೋಡಿಯೇನು?”

“ಇಲ್ಲ.”

“ಲೈನ್‌ಮನ್ ಮಕ್ತುಮ್‌ಸಾಬ್ ಒಳಗ ಅದಾನ. ಸೋಮವಾರ ಜೈಲಿಗೆ ಕಳಸ್ತಾರ. ಹಾದಿ ತಪ್ಪಿಸ್ಯಾನ ಅಂತ ಅವನ ಮ್ಯಾಲೆ ಕೇಸು ಐತಿ.”

ಆದೆಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಆಚೆ ನೋಡಿದಳು. ದೂರದಲ್ಲಿ ಗ್ಯಾನಮ್ಮ ಕೊಡ ಹೊತ್ತು ನೀರಿಗೆ ಹೋಗುತ್ತಿದ್ದಳು. ಒಬ್ಬಳೇ ಹೋಗುತ್ತಿದ್ದಳು.

“ಹೇಳಿದ್ರ ನಮ್ಮ ಲೈಟ್ ಹೋಗತದೇನಪ?”

“ನನಗ ಗೊತ್ತಿಲ್ಲ, ಯವ್ವ.”

“ಸುಳ್ಳಾದ್ರು ಹೇಳಬಾರದೇನು ನೀನು,” ಎಂದಳು. ಆಮೇಲೆ ಹೇಳಿದಳು. “ಇಂಜಿನಿಯರಪ್ಪ ಸೈಕಲ್ ಮ್ಯಾಲೆ ಬಂದಿದ್ದ. ಒಬ್ಬನ. ಕಲ್ಲು ಕಿತ್ತು ಕಿತ್ತು ಬದುವಿಗೆ ಒಗೆಯಾಕತ್ತಿದ್ದ. ಯಾಕಪಾ ಅಂದೆ. ಕೆಲಸ ಮುಗೀತು ಆಯಿ, ಇನ್ನ ಬೇಕಿಲ್ಲ ಅಂದ. ಅವನ ಕೈ ತರಚಿತ್ತು. ನಾನ ಎಣ್ಣಿ ಹಚ್ಚಿದೆ.”

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ದೊಡ್ಡಬಸಪ್ಪ ಸಿಂಧನೂರಿನ ಕಂಪ್ಯೂಟರ್ ಕೋಣೆಯಲ್ಲಿದ್ದರು. ಮ್ಯಾನೇಜರನ್ನೂ ಇಬ್ಬರು ಪಂಚರನ್ನೂ ಒಳಗೆ ಕರೆದಿದ್ದರು. ಯಮನೂರಪ್ಪ ಒಂದು ಕಲ್ಲನ್ನು ಕಂಬಳಿಯಲ್ಲಿ ಸುತ್ತಿ ತಂದು ಮೇಜಿನ ಮೇಲೆ ಇಟ್ಟ.

ಕರಿಬಸಯ್ಯ ಕುಂಕುಮ ಹಚ್ಚಿದ ಆ ಕಲ್ಲನ್ನು ನೋಡಿದ. ಅದು ಯಾಕೆ ಹಾಗಿದೆ ಎಂದು ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಸ್ಟೂಲಿನ ಮೇಲೆ ಕೂತ.

“ಪೂಜಿ ಮಾಡ್ಯಾರೇನ್ರಿ?”

“ಮಾಡ್ಯಾರ. ನೀವು ನಿಜವಾಗಿ ಅಳೆದ ದೂರ ಎಷ್ಟು?”

ಅವನು ಹೇಳಿದ.

“ಅದನ್ನ ತುಂಬ್ರಿ ಇದಕ್ಕ. ಎಲ್ಲರ ಮುಂದ.”

ಕರಿಬಸಯ್ಯ ಕೀಲಿಮಣೆಯನ್ನು ಎಳೆದುಕೊಂಡ. ಅಂಕಿ ತುಂಬಿ ಒತ್ತಿದ. ಚುಕ್ಕೆಗಳ ನಡುವೆ ಗೆರೆಗಳು ಹರಡಿದವು, ಒಂದು ಕ್ಷಣ ತಡೆದವು, ಮತ್ತೆ ಹರಡಿದವು. ಮೂಲೆಯಲ್ಲಿ ಬನ್ನಿಗಿಡದ ದೊಡ್ಡಿಯ ಚುಕ್ಕೆ ಹಾಗೆಯೇ ಉಳಿಯಿತು. ಅದಕ್ಕೆ ಹೋಗುವ ಗೆರೆ ಇರಲಿಲ್ಲ.

“ಪ್ರತಿ ಸಲ ಹಿಂಗ ಆಗತಿತ್ರಿ,” ಎಂದ. “ತಂತಿ ಸಣ್ಣದು ಹಾಕಿ ನೋಡಿದೆ. ಟ್ರಾನ್ಸ್‌ಫಾರ್ಮರ್ ಸರಿಸಿ ನೋಡಿದೆ. ಬ್ಯಾರೆ ಊರಿಂದ ಎಳೆದು ನೋಡಿದೆ. ಹೆಂಗ ಮಾಡಿದ್ರೂ ಆ ಟೊಂಗೆ ಕತ್ತರಿಸತಿತ್ತು. ಈಚಿ ಮಗ್ಗಲಾಗ ಬರೇ ಬಂಡೆಗಲ್ಲು, ಕಂಬ ನಿಲ್ಲಂಗಿಲ್ಲ. ಕಡೀಕ ಆ ಮಗ್ಗಲಿನ ಕಡಿಮಿ ದೂರ ತುಂಬಿ, ಊರನ್ನ ಹತ್ರ ಸರಿಸಿದೆ.”

ಮ್ಯಾನೇಜರ್ ತೆರೆಯ ಹತ್ತಿರ ಬಗ್ಗಿ ನೋಡಿದರು.

“ಕಂಬ ಸಾಲಂಗಿಲ್ಲ ಅಂತ ಗೊತ್ತಿತ್ತು,” ಎಂದರು ದೊಡ್ಡಬಸಪ್ಪ.

“ಗೊತ್ತಿತ್ರಿ. ಮಾರ್ಚಿಗೆ ಗುರುಗುಂಟಾ ಕಡೆ ಕೆಲಸ ಮುಗೀತಿತ್ತು. ಅಲ್ಲಿ ಉಳಿದ ಕಂಬ ತಂದು ನಡುವ ನೆಡೋ ವಿಚಾರ ಇತ್ತು.”

“ಕಲ್ಲು ಯಾಕ ಕಿತ್ತಿರಿ?”

“ಕಲ್ಲು ಹೆಚ್ಚು, ಕಂಬ ಕಡಿಮಿ ಆದ್ರ ಮಂದಿ ಕೇಳತಿದ್ರು.”

“ಜ್ವಾಳ ಯಾವಾಗ ಕೊಯ್ತಾರ, ಬಂಡಿ ಎಷ್ಟೆತ್ತರ ಹೇರತಾರ, ಆ ದೊಡ್ಡಿಯವರನ್ನ ಕೇಳಿದ್ರೇನು?”

ಕರಿಬಸಯ್ಯ ತೆರೆಯ ಕಡೆ ಕೈ ತೋರಿಸಿದ. “ಇದು ಅದನ್ನ ಕೇಳಂಗಿಲ್ರಿ.”

“ನಾ ಕೇಳಿದ್ದು ನಿಮ್ಮನ್ನ.”

“ಇಲ್ರಿ. ಕೇಳಿಲ್ಲ.”

“ಮಕ್ತುಮ್‌ಸಾಬ್ ನಿಮ್ಮ ಮಾತು ನಂಬಿ ತಂತಿ ಎಳದ. ಮೂರು ದಿನದಿಂದ ಒಳಗ ಅದಾನ.”

ಕರಿಬಸಯ್ಯ ಕಲ್ಲಿನ ಕೆಳಗಿನ ಕಂಬಳಿಯ ಅಂಚನ್ನು ಸರಿಮಾಡಿದ. ತಂಪು ಯಂತ್ರ ಗುಂಯ್ಯೆನ್ನುತ್ತಿತ್ತು. ಕೊನೆಗೆ, “ದಿನಾ ಬೆಳಿಗ್ಗೆ ಎದ್ದು ಇವತ್ತು ಹೇಳಬೇಕು ಅನ್ಕೊಂತಿದ್ದೆ,” ಎಂದ. ಅದನ್ನು ಹೇಳುವಾಗ ಅವನಿಗೇ ಅದು ಸಾಲದೆಂದು ಗೊತ್ತಿತ್ತು.

ಹತ್ತೂಮುಕ್ಕಾಲಿಗೆ ದಸ್ತಗಿರಿಯಾಯಿತು. ಕರಿಬಸಯ್ಯ ಕಂಪ್ಯೂಟರನ್ನು ಆರಿಸಿ, ಅದರ ಮೇಲೆ ಬಟ್ಟೆಯ ಹೊದಿಕೆ ಹಾಕಿ, ಹೊರಟ.

ಜೀಪು ಮಸ್ಕಿ ದಾರಿ ಹಿಡಿದ ಮೇಲೆ ಉಳಿದದ್ದನ್ನು ಯಾರೂ ಕೇಳದೆ ತಾನೇ ಹೇಳಿದ. ಅಳತೆಗೆಂದು ಆ ದೊಡ್ಡಿಯಲ್ಲಿ ವಾರವೊಂದು ಉಳಿದಿದ್ದ. ಆದೆಮ್ಮನ ಮನೆಯಲ್ಲಿ ಊಟ. ಸಂಜೆ ಅವನು ಅಂದಿನ ಲೆಕ್ಕ ಬರೆಯಲು ಕೂತಾಗ ಆದೆಮ್ಮ ಚಿಮಣಿ ಬುಡ್ಡಿಯನ್ನು ಅವನ ಪಕ್ಕದಲ್ಲಿಟ್ಟು, ಬತ್ತಿ ಏರಿಸಿ ಹೋಗುತ್ತಿದ್ದಳು. ಕೊನೆಯ ಸಂಜೆ ನೀರು ಕೇಳಲು ಒಳಮನೆಗೆ ಹೋದ. ಅಲ್ಲಿ ಮನೆಯ ಮಂದಿಯೆಲ್ಲ ಕತ್ತಲಲ್ಲಿ ಕೂತು, ಗಂಗಾಳ ತಡವಿಕೊಂಡು ಉಣ್ಣುತ್ತಿದ್ದರು. ವಾರದ ಸೀಮೆಎಣ್ಣೆಯನ್ನೆಲ್ಲ ಅವನ ಬುಡ್ಡಿಗೇ ಹಾಕಿದ್ದರು. ಯಾರೂ ಹೇಳಿರಲಿಲ್ಲ.

“ಮುಂದಿನ ಸಲ ಬಂದಾಗ ಎಲ್ಲಾರೂ ಬೆಳಕಿನಾಗ ಕುಂತು ಉಣ್ಣಾಣು ಅಂದುಬಿಟ್ಟೆ ರೀ,” ಎಂದ.

ದೊಡ್ಡಬಸಪ್ಪ ಹೊರಗಿನ ಕರಿಭೂಮಿಯನ್ನು ನೋಡುತ್ತಿದ್ದರು. ಕೊಯ್ದ ಹೊಲಗಳಲ್ಲಿ ಸೊಪ್ಪೆಯ ಬಣವೆಗಳು ಏಳುತ್ತಿದ್ದವು. ಈ ಮಾತನ್ನು ಹೇಳಿಕೆಯಲ್ಲಿ ಬರೆಯಬೇಕೇ ಎಂದು ಯಮನೂರಪ್ಪ ಕಣ್ಣಲ್ಲೇ ಕೇಳಿದ. ಅವರು ಬರೆ ಎಂದು ತಲೆಯಾಡಿಸಿದರು. ಅದರಿಂದ ದುರುಗಪ್ಪನಿಗೆ ಆಗುವುದೇನೂ ಇರಲಿಲ್ಲ.

ಮಧ್ಯಾಹ್ನ ಅವರು ಲಿಂಗಸುಗೂರಿಗೆ ಹೋಗಿ ನ್ಯಾಯಾಲಯಕ್ಕೆ ವರದಿ ಒಪ್ಪಿಸಿದರು. ಮಕ್ತುಮ್‌ಸಾಬ್‌ನ ಬಿಡುಗಡೆಗೆ ಆದೇಶ ಸಿಕ್ಕಿತು. ದೊಡ್ಡಿಗೆ ಮತ್ತೆ ಲೈನು ಕೊಡುವ ವಿಚಾರ ಕೇಳಿದಾಗ ಮ್ಯಾನೇಜರ್, ಅದು ಮಿತಿಯೊಳಗೆ ಬರುವುದಿಲ್ಲ ಎಂದರು.

ಸಂಜೆ ಆರರ ಹೊತ್ತಿಗೆ ಮಸ್ಕಿ ಠಾಣೆಯ ಲಾಕಪ್ಪಿನಲ್ಲಿ ಆಳು ಬದಲಾಗಿತ್ತು. ಮಕ್ತುಮ್‌ಸಾಬ್ ಹೊರಗೆ ಬಂದು ತನ್ನ ಬೆಲ್ಟು, ಕಟಿಂಗ್ ಪ್ಲೇಯರು ಎಣಿಸಿಕೊಂಡು ಸಹಿ ಹಾಕಿದ. ಕಂಬಿಯ ಹಿಂದೆ ಗೋಡೆಗೆ ಮುಖ ಮಾಡಿ ಕೂತಿದ್ದವನನ್ನು ನೋಡಿದ. ಬೈಯುವವನಂತೆ ಬಾಯಿ ತೆರೆದವನು ಬೆಲ್ಟನ್ನು ಹೆಗಲಿಗೇರಿಸಿಕೊಂಡು ಬಾಗಿಲಿಗೆ ತಿರುಗಿದ.

ದಾವಲ್‌ಬೀ ಎಂದಿನಂತೆ ಡಬ್ಬಿ ಹಿಡಿದು ಮೆಟ್ಟಿಲಲ್ಲಿ ನಿಂತಿದ್ದಳು. ಬಿಡುಗಡೆಯ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ಗಂಡ ಹೊರಗೆ ಬಂದದ್ದು ಕಂಡು ಕಣ್ಣು ಒರೆಸಿಕೊಂಡಳು.

“ನಡಿ, ಮನ್ಯಾಗ ಉಣ್ಣಾಣು,” ಎಂದ ಅವನು.

ಅವಳು ಒಳಗೆ ಇಣುಕಿದಳು. “ಯಾರಾಂವ?”

“ಇಂಜಿನಿಯರ್ ಸಾಹೇಬ.”

“ನಿನ್ನ ಒಳಗ ಹಾಕಿಸಿದಾಂವ ಇವನಽ ಏನು?”

“ಇವನಽ.”

ಅವಳು ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಬಳಿಕ ಯಮನೂರಪ್ಪನನ್ನು ಕೇಳಿದಳು. “ಉಣ್ಣಾಕ ಯಾರು ತಂದಾರ?”

“ಯಾರೂ ಬಂದಿಲ್ಲವ್ವ. ಅಪ್ಪ ರಾಯಚೂರಾಗ ಅದಾರಂತ. ನಾಳಿ ಬರತಾರೇನೋ.”

ದಾವಲ್‌ಬೀ ಹೊಸ್ತಿಲು ದಾಟಿ ಬಂದು ಬಟ್ಟೆಯ ಗಂಟು ಬಿಚ್ಚಿದಳು. ಯಮನೂರಪ್ಪ, “ಅಂವ ಅಯ್ಯನೋರವ, ಜಂಗಮ...” ಎಂದು ಶುರು ಮಾಡಿ ನಿಲ್ಲಿಸಿದ. ಡಬ್ಬಿಯನ್ನು ಬಿಚ್ಚಿ ನೋಡುವ ನಿಯಮವನ್ನೂ ಅಂದು ಬಿಟ್ಟ.

“ಮಾಂಸ ಇಲ್ರಿ,” ಎಂದಳು ಅವಳು ಕಂಬಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು. “ಬರೇ ರೊಟ್ಟಿ, ಪುಂಡಿಪಲ್ಲೆ.”

ಕರಿಬಸಯ್ಯ ತಿರುಗಿ ನೋಡಿದ. ಅವಳು ಡಬ್ಬಿಯನ್ನು ಕಂಬಿಗಳ ಸಂದಿಯಿಂದ ಒಳಗೆ ಸರಿಸಿದಳು.